ಅವನು ನಕ್ಕದ್ದು ಯಾರನ್ನು ನೋಡಿ

ಆಸ್ಪತ್ರೆಯ ಕಾವಲು ವಾರ್ಡು,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಭುಜದ ನೋವು ಹೇಗಿದೆ? ಜಡೆ ಹಾಕಿಕೊಳ್ಳಲು ಕೈ ಎತ್ತಲಾಗುತ್ತದೆಯೋ, ಇನ್ನೂ ಭಾವನೇ ಹಾಕಿಕೊಡುತ್ತಾರೋ? ಭಾವ ಹಾಕಿದ ಜಡೆ ನೆನೆದರೆ ನಗು ಬರುತ್ತದೆ. ಆ ಭುಜಕ್ಕೆ ಕಾದ ಇಸ್ತ್ರಿಪೆಟ್ಟಿಗೆ ಎಸೆದವನು ನಾನೇ ಎಂದು ನೆನಪಾದೊಡನೆ ನಗು ನಿಂತುಹೋಗುತ್ತದೆ. ನಾನು ಚೆನ್ನಾಗಿದ್ದೇನೆ. ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ಕಿವಿಯೊಳಗಿನ ದನಿಗಳು ಈಗ ಪಕ್ಕದ ಮನೆಯ ರೇಡಿಯೋದಷ್ಟೇ.

ಇಲ್ಲಿ ಡಾಕ್ಟರಮ್ಮ ಮುಖಗಳ ಫೋಟೋ ತೋರಿಸಿ, ‘ಇವರಿಗೆ ಏನನ್ನಿಸ್ತಿದೆ, ಹೇಳಿ’ ಅನ್ನುತ್ತಾರೆ. ಮೊದಮೊದಲು ಎಲ್ಲರೂ ನನ್ನನ್ನು ಗೇಲಿ ಮಾಡುವವರೇ ಅನ್ನಿಸುತ್ತಿತ್ತು, ಅಳುವ ಮುದುಕಿ ಕೂಡ. ಕಣ್ಣಳತೆಯಲ್ಲೇ ಅಂಗಿಯ ಅಳತೆ ಹೇಳುತ್ತಿದ್ದ ನಿನ್ನ ತಮ್ಮನಿಗೆ ಮುಖ ಮಾತ್ರ ತಿಳಿಯುತ್ತಿರಲಿಲ್ಲ, ನೋಡು. ಅವತ್ತು ನಮ್ಮ ಹೊಲಿಗೆ ಅಂಗಡಿ ಬಾಗಿಲಲ್ಲಿ ನೀನೂ ಗಿರಾಕಿಯೂ ನಕ್ಕದ್ದು ಅವರ ಮಗುವಿನ ತೊದಲಿಗೆ ಎಂದು ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ಈಗ ಇಪ್ಪತ್ತರಲ್ಲಿ ಹದಿನಾರು ಸರಿ ಹೇಳುತ್ತೇನೆ. ಉಳಿದ ನಾಲ್ಕು ನೆನೆದರೆ ಹೆದರಿಕೆಯಾಗುತ್ತದೆ. ಬೀದಿಯಲ್ಲಿ ಯಾರೂ ಫೋಟೋದ ಹಾಗೆ ಅಲ್ಲಾಡದೆ ನಿಲ್ಲುವುದಿಲ್ಲವಲ್ಲ.

ನಿನ್ನೆ ಹೊಲಿಗೆ ಕೋಣೆಯಲ್ಲಿ ಎದುರು ಮಿಷನ್ನಿನ ದಪ್ಪ ಕನ್ನಡಕದವನು ನನ್ನತ್ತ ಹಲ್ಲು ಕಿರಿದ. ಮೈಯೆಲ್ಲ ಬೆಂಕಿಯಾಯಿತು. ಇಸ್ತ್ರಿಪೆಟ್ಟಿಗೆ ಎಸೆದ ದಿನವೂ ಹೀಗೇ ಆಗಿತ್ತು ಅಕ್ಕಾ. ಹೇಳಿಕೊಟ್ಟಿದ್ದಂತೆ ಎದ್ದು ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಉಸಿರು ಹತೋಟಿಗೆ ಬರುವ ತನಕ ನಿಂತೆ. ಆಮೇಲೆ ಕೇಳಿದೆ: ‘ನನ್ನ ನೋಡಿ ನಕ್ಕೆಯಾ?’ ಅವನು ಕೆನ್ನೆ ಹಿಡಿದುಕೊಂಡು, ‘ನಗೋದೆಲ್ಲಿಂದ ಬಂತಪ್ಪ, ದವಡೆಹಲ್ಲು ಪ್ರಾಣ ತೆಗೀತಿದೆ’ ಅಂದ! ಡಾಕ್ಟರಮ್ಮನಿಗೆ ಸುದ್ದಿ ಮುಟ್ಟಿ, ‘ಕೇಳಿದ್ರಲ್ಲ, ಅದೇ ದೊಡ್ಡದು’ ಎಂದು ಬೆನ್ನು ತಟ್ಟಿದರು. ಶುಕ್ರವಾರ ಮನೆಗೆ ಕಳಿಸುವ ಕಾಗದಕ್ಕೆ ಸಹಿಯೂ ಆಯಿತು.

ಭಾವನಿಗೆ ನಮಸ್ಕಾರ. ನಿನ್ನ ಮಗಳು ಪುಟ್ಟಿಗೆ ಮುತ್ತು. ತಲೆ ಬಾಚಿಸಿಕೊಳ್ಳುವಾಗ ಭಾವನನ್ನು ಬೈಯಬೇಡ.

ನಿನ್ನ ತಮ್ಮ

ತಾ.ಕ.: ಶುಕ್ರವಾರ ಬರಬೇಡ. ನಿನ್ನೆ ಗೋಡೆಗೊರಗಿ ನಿಂತಾಗ ನನ್ನ ಬೆನ್ನ ಹಿಂದೆ, ಕೈಯಲ್ಲಿ, ದೊಡ್ಡ ಕತ್ತರಿಯಿತ್ತು. ಯಾವಾಗ ಎತ್ತಿಕೊಂಡೆನೋ ತಿಳಿಯದು. ಯಾರೂ ನೋಡಿರಲಿಲ್ಲ. ಈಗಷ್ಟೇ ಡಾಕ್ಟರಮ್ಮನಿಗೆ ಹೇಳಿಬಂದೆ. ಅವರ ಮುಖದಲ್ಲಿದ್ದದ್ದು ಸಿಟ್ಟೋ ದುಃಖವೋ ಗೊತ್ತಾಗದೆ ಅದನ್ನೂ ಕೇಳಿದೆ. ‘ಭಯ’ ಅಂದರು. ಸಹಿ ಮಾಡಿದ ಕಾಗದ ವಾಪಸು ತೆಗೆದುಕೊಂಡರು. ಇನ್ನು ಯಾವಾಗ ಎಂದು ಕೇಳುವ ಧೈರ್ಯ ಬರಲಿಲ್ಲ.