ಅತ್ತೆಯ ಎಡಗೈ

ಈರೋಡು
12-11-2025, ಬುಧವಾರ

ನಾದಿನಿ ಸಂಗೀತಳಿಗೆ,

ನಾನು, ನಿನ್ನ ರೇವತಿ ಅತ್ತಿಗೆ, ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ನನಗೂ ದನಿ ಏರುತ್ತದೆ. ನಿಮ್ಮಣ್ಣ ನಾಳೆ ಮನೆಯ ದನ ನೋಡಿಕೊಳ್ಳಲು ಪಣಕಹಳ್ಳಿಗೆ ಬರುತ್ತಾರೆ. ಗೆಟ್ಟವಾಡಿಗೆ ನಿನ್ನ ಮನೆಗೂ ಬಂದು ಇದನ್ನು ಕೊಡುತ್ತಾರೆ.

ಮೊದಲು ಅತ್ತೆಯ ಸ್ಥಿತಿ. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ದೊಡ್ಡ ನಾಳ ಕಟ್ಟಿಕೊಂಡಿದೆ. ನಾವು ದಿಂಬಂ ಘಾಟಿ ಇಳಿದು ಬರುವಷ್ಟರಲ್ಲಿ ಅದನ್ನು ಕರಗಿಸುವ ಔಷಧಿ ಕೊಡುವ ಹೊತ್ತು ಮೀರಿತ್ತು. ಉಸಿರು ತಾವೇ ಆಡುತ್ತಿದ್ದಾರೆ. ಊಟ ಮೂಗಿನ ಕೊಳವೆಯಲ್ಲಿ. ಬಲಗೈ, ಬಲಗಾಲು ಅಲುಗಿಲ್ಲ. ಆಗಾಗ ಕಣ್ಣು ತೆರೆಯುತ್ತಾರೆ, ನೋಟ ಯಾರ ಮೇಲೂ ನಿಲ್ಲುವುದಿಲ್ಲ. ಕಣ್ಣು ತೆರೆದ ಮಾತ್ರಕ್ಕೆ ಎಚ್ಚರವಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿದೆ ಎಂಬ ಗುರುತು ಶುಕ್ರವಾರದೊಳಗೆ ಒಂದಾದರೂ ಕಂಡರೆ ಇಲ್ಲೇ ಇಟ್ಟುಕೊಂಡು ಕೈಕಾಲಿನ ವ್ಯಾಯಾಮ ಶುರುಮಾಡುತ್ತಾರೆ. ಇಲ್ಲದಿದ್ದರೆ ಕೊಳವೆ ಸಮೇತ ಮನೆಗೆ.

ಇನ್ನು ಭಾನುವಾರದ ಮಾತು. ನೀನು ಅವರ ಎಡಗೈಯಲ್ಲಿ ನಿನ್ನ ಕೈಯಿಟ್ಟೆ, ಅವರು ಗಟ್ಟಿಯಾಗಿ ಹಿಡಿದರು. “ಅವ್ವಂಗೆ ನನ್ ಗುರ್ತು ಸಿಕ್ತು ಅತ್ತಿಗೆ” ಎಂದು ವಾರ್ಡಿಗೆಲ್ಲ ಕೇಳುವಂತೆ ನೀನು ಅತ್ತುಬಿಟ್ಟೆ. ಸಂಜೆಯ ಬಸ್ಸು ಹತ್ತಿ ಹೋದೆ. ನೀನು ಊರು ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ಮಾದೇವಮ್ಮ ಫೋನು ಮಾಡಿ ಕೇಳಿದಳು: “ಮಗ್ಳು ಬಂದ್ಮೇಲೇ ಜೀವ ಬಂತಂತಲ್ಲಮ್ಮಿ. ಇಷ್ಟ್ ದಿನ ನೀನಲ್ಲಿ ಕುಂತ್ಕಂಡು ಏನ್ ಮಾಡ್ತಿದ್ದೆ?”

ಏನು ಮಾಡುತ್ತಿದ್ದೆ? ಮೈ ಒರೆಸುತ್ತಿದ್ದೆ. ಮಗ್ಗುಲು ಬದಲಿಸುತ್ತಿದ್ದೆ. ಬಾಯಿ ಶುಚಿ ಮಾಡುತ್ತಿದ್ದೆ. ಅಂಗೈಯಲ್ಲಿ ಕೈಯಿಟ್ಟು ಕೂತಿರಲಿಲ್ಲ, ನಿಜ. ಅಂಥ ರೂಢಿ ನಮ್ಮಿಬ್ಬರಲ್ಲಿ ಇರಲಿಲ್ಲ. ಮೊದಲ ಅವರೆಕಾಯಿ ಬಿಡಿಸಿದರೆ ಒಂದು ಚೀಲ ಗೆಟ್ಟವಾಡಿಗೆ. ನಾನು ಬಡಿಸಿದ ಮುದ್ದೆ ಮುರಿಯುವಾಗ, “ನಮ್ ಸಂಗೀತ ತಿರುವುದ್ರೆ ಬೆಣ್ಣೆ ಇದ್ದಂಗೆ ಕಣಮ್ಮಿ.” ಹೊಲದ ಕಳೆಯಿಂದ ಒಲೆಯ ಬೂದಿಯವರೆಗೆ ಜೊತೆಗಿದ್ದವಳು ನಾನು, ಅವರ ಬಾಯಲ್ಲಿದ್ದವಳು ನೀನು.

ಸೋಮವಾರ ನಾನೂ ಅವರ ಅಂಗೈಯಲ್ಲಿ ಕೈಯಿಟ್ಟೆ. ಅಷ್ಟೇ ಗಟ್ಟಿಯಾಗಿ ಹಿಡಿದರು. ಆಮೇಲೆ ಟವಲಿನ ತುದಿಯನ್ನಿಟ್ಟೆ. ಅದನ್ನೂ ಹಿಡಿದರು. ಟವಲಿನ ಗುರುತೂ ಸಿಕ್ಕಿತೇನೋ. ಡಾಕ್ಟರಮ್ಮನನ್ನು ಕೇಳಿದೆ. ಕೂಸಿನ ಅಂಗೈಯಲ್ಲಿ ಬೆರಳಿಟ್ಟರೆ ಕೂಸು ಹಿಡಿಯುವುದಿಲ್ಲವೇ, ಇದೂ ಹಾಗೆಯೇ, ಮಿದುಳಿಗೆ ಪೆಟ್ಟಾದಾಗ ಬರುತ್ತದೆ, ಅರಿವಿನ ಗುರುತಲ್ಲ ಎಂದರು. ಬಿಡು ಎಂದಾಗ ಬಿಟ್ಟರೆ ಮಾತ್ರ ಮಾತು ತಿಳಿದಿದೆ ಎಂದು ಲೆಕ್ಕವಂತೆ. ಅವರೇ ಕೈಯಿಟ್ಟು ತಮಿಳಿನಲ್ಲಿ ಎರಡು ಮೂರು ಸಲ ಬಿಡಿ ಎಂದರು. ಅತ್ತೆ ಬಿಡಲಿಲ್ಲ.

ಇದನ್ನು ಕೇಳಿ ನನಗೆ ದುಃಖವಾಗಬೇಕಿತ್ತು. ಆಗಿದ್ದು ಸಮಾಧಾನ. ನಿನಗೆ ಬೇಗ ತಿಳಿಸಬೇಕು ಅನ್ನಿಸಿತು.

ಆದ್ದರಿಂದ, ಅವ್ವ ನನ್ನ ದನಿಗೆ ಏಳುತ್ತಾಳೆ, ಗೆಟ್ಟವಾಡಿಗೇ ಕರೆತನ್ನಿ ಎಂದು ನಿಮ್ಮಣ್ಣನ ಕಿವಿ ಕಚ್ಚಬೇಡ. ಅವರು ಆಗಲೇ ಅರ್ಧ ಒಪ್ಪಿದ್ದಾರೆ. ಶುಕ್ರವಾರ ಕಳಿಸಿದರೆ ಅತ್ತೆ ಪಣಕಹಳ್ಳಿಗೆ ಬರುತ್ತಾರೆ. ಮಗ್ಗುಲು ಬದಲಿಸಲು ಕಲಿತವಳು ನಾನು.

ಇಂತಿ,
ನಿನ್ನ ಅತ್ತಿಗೆ
ರೇವತಿ

ತಾ.ಕ.: ಗುರುವಾರ ಬೆಳಿಗ್ಗೆ. ನಿಮ್ಮಣ್ಣ ಚೀಲ ಹಿಡಿದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮುಂಜಾನೆ ಅತ್ತೆಯ ಕೈ ಒರೆಸುವಾಗ ನನ್ನ ಬೆರಳು ಹಿಡಿದುಕೊಂಡರು, ಬಿಡಿಸಲು ಆಗಲಿಲ್ಲ. ನಿನ್ನೆ ರಾತ್ರಿಯೂ ನಾನು ಉಂಡಿರಲಿಲ್ಲ, ಸಿಟ್ಟು ಬಂತು. “ಬುಡಿ ಅತ್ತೆ, ಒಟ್ಟೆ ಅಸೀತದೆ, ಉಂಡ್ಕಂಡ್ ಬತ್ತೀನಿ” ಅಂದೆ. ಬೆರಳು ಒಂದೊಂದಾಗಿ ಬಿಚ್ಚಿದವು. ಮಗಳ ಕೈ ಹಿಡಿದರು, ನನ್ನದನ್ನು ಬಿಟ್ಟರು ಎಂದೇ ಮೊದಲು ಹೊಟ್ಟೆ ಉರಿಯಿತು. ಕಾರಿಡಾರಿನವರೆಗೆ ನಡೆದ ಮೇಲೆ ತಿಳಿಯಿತು. ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದೆ. ಅವರ ಮುಂದೆಯೂ ನಾನು ಹೇಳಿದಾಗ ಬಿಟ್ಟರು, ಇನ್ನೊಮ್ಮೆ ತಡವಾಗಿ. ಬಲಗೈ ಬರದೆ ಇರಬಹುದು, ಮಾತು ಬರದೆ ಇರಬಹುದು, ಏನೂ ಖಚಿತವಿಲ್ಲ, ಆದರೆ ಶುಕ್ರವಾರ ಕಳಿಸುವುದಿಲ್ಲ ಎಂದರು. ಮನೆಯ ಇನ್ನೊಬ್ಬರ ಮಾತಿಗೂ ಬಿಡುತ್ತಾರೋ ನೋಡಬೇಕಂತೆ. ನಿಮ್ಮಣ್ಣ ಹೇಳಿ ನೋಡಿದರು, ಬಿಡಲಿಲ್ಲ. ಅಳುತ್ತಾ ಹೇಳಿದರೆ ಯಾರಿಗೆ ತಿಳಿಯುತ್ತದೆ? ನಾಳೆ ಮೊದಲ ಬಸ್ಸಿಗೆ ನೀನು ಬಾ. ಊರಿನವರನ್ನು ಕರೆತರಬೇಡ. ಕೈ ಬಿಡಿ ಎಂದು ಮೊದಲು ನಾನು ಕೇಳುತ್ತೇನೆ, ಆಮೇಲೆ ನೀನು.