ವಂಜರಂ ಬೇಕು, ಸಮುದ್ರದ ಸುದ್ದಿ ಬೇಡ

ಜಿಲ್ಲಾ ವಿಜ್ಞಾನ ಪ್ರದರ್ಶನದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ಗುರುವಾರ ಕೋಲಾರದಲ್ಲಿ ನನ್ನ ಮೊಮ್ಮಗಳು ಸಾದಿಯಾಳ ಪ್ರಯೋಗವನ್ನು ಮೇಜಿನಿಂದ ಎತ್ತಿಸಿದಿರಿ. ತಪ್ಪಿತ್ತು ಎಂದಲ್ಲ, ನಮ್ಮ ಜಿಲ್ಲೆಗೆ ಸಮುದ್ರವಿಲ್ಲ ಎಂದು! ಒಂಬತ್ತನೇ ತರಗತಿಯ ಹುಡುಗಿಗೆ ಇಂಥ ಭೂಗೋಳ ಬೇರೆ ಯಾರು ಕಲಿಸಿಯಾರು?

ಅವಳು ಮಾಡಿದ್ದಿಷ್ಟು. ವಿನೆಗರ್ ತುಂಬಿದ ಸೀಸೆಯಲ್ಲಿ ಕಪ್ಪೆಚಿಪ್ಪು ಹಾಕಿ, ಅದು ಸವೆಯುವುದನ್ನು ತೋರಿಸಿದಳು. ವಾಹನ, ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸಮುದ್ರ ಹೀರಿಕೊಳ್ಳುತ್ತದೆ, ನೀರಿನ ಆಮ್ಲೀಯತೆ ಹೆಚ್ಚುತ್ತದೆ, ವಾಸನೆ ಹಿಡಿದು ವಲಸೆ ಹೋಗುವ ಕೆಲವು ಮೀನುಗಳು ಮೊಟ್ಟೆಯಿಡುವ ಜಾಗದ ದಾರಿ ತಪ್ಪಬಹುದು ಎಂದು ಚಾರ್ಟಿನಲ್ಲಿ ಬರೆದಳು. ಈ ಕೊನೆಯ ಮಾತಿನ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ ಎಂದೂ ಕೆಳಗೆ ಸೇರಿಸಿದ್ದಳು. ಅಷ್ಟು ಪ್ರಾಮಾಣಿಕತೆ ಎಷ್ಟು ಸರ್ಕಾರಿ ಫಲಕಗಳಲ್ಲಿದೆ?

"ಕೋಲಾರದಲ್ಲಿ ಸಮುದ್ರ ಎಲ್ಲಮ್ಮಾ ಐತೆ? ಕೆರೆ ಅಂತ ತಿದ್ಕೊಂಡು ಬಾ, ನೋಡ್ತೀನಿ," ಅಂದಿರಿ.

"ಹೊಗೆ ಇಲ್ಲಿಂದಾನೂ ಹೋಗುತ್ತಲ್ಲ ಸಾರ್," ಅಂದಳು.

"ಹೊಗೆ ಏನು, ನರಸಾಪುರದ ಫ್ಯಾಕ್ಟರಿ ಹತ್ರ ಕಂಪನಿ ಬಸ್ಸು ಹತ್ಕೊಂಡು ಸಮುದ್ರಕ್ಕೆ ಹೋಗುತ್ತೇನಮ್ಮಾ?" ಎಂದು ಸುತ್ತಲಿದ್ದವರನ್ನು ನಗಿಸಿದಿರಿ. ನಾನು ಅಲ್ಲೇ ಹಿಂದೆ ನಿಂತಿದ್ದೆ.

ಸಮುದ್ರಕ್ಕೂ ನಮಗೂ ಸಂಬಂಧವಿಲ್ಲವೇ? ಮುಳಬಾಗಿಲಿನಲ್ಲಿ ಮೂವತ್ತೆರಡು ವರ್ಷಗಳಿಂದ ಮದ್ರಾಸಿನಿಂದ ಬರುವ ಸಮುದ್ರದ ಮೀನು ಮಾರಿ ನಾನು ಮನೆ ನಡೆಸುತ್ತಿದ್ದೇನೆ. ಪ್ರತಿ ಭಾನುವಾರ ನಿಮ್ಮ ಚಾಲಕ ವೆಂಕಟ್ ನನ್ನ ಅಂಗಡಿಗೆ ಬರುತ್ತಾನೆ. "ಸಾಹೇಬ್ರಿಗೆ ವಂಜರಂ ಮೀನು ಎತ್ತಿಟ್ಟಿದ್ದೀರಾ ಅಮ್ಮಾ? ಕೆರೆ ಮೀನು ತಗೊಂಡೋದ್ರೆ ನನ್ನ ಗೇಟಿನೊಳಗೇ ಬಿಟ್ಕೊಳಲ್ಲ." ನಿಮ್ಮ ನಾಲಿಗೆಗೆ ಬೇಕಾದ ಸಮುದ್ರ ಮಗುವಿನ ತಲೆಗೆ ಬೇಡವಾಯಿತೇ?

ನೀವು ನಗಿಸಿದ್ದನ್ನು ಮರೆಯಬಲ್ಲೆ. ಮರುದಿನ ಕಂಡದ್ದನ್ನು ಮರೆಯಲಾರೆ. ಸಾದಿಯಾ ನೆಲದ ಮೇಲೆ ಕುಳಿತು, ಚಾರ್ಟಿನಲ್ಲಿ 'ಸಮುದ್ರ' ಇದ್ದಲ್ಲೆಲ್ಲ ಬಿಳಿ ಕಾಗದ ಅಂಟಿಸಿ 'ಕೆರೆ' ಎಂದು ಬರೆಯುತ್ತಿದ್ದಳು.

"ಇದು ನಿಜವೇನೇ?" ಎಂದೆ.

"ನಿಜ ಅಲ್ಲ ದಾದಿ. ಆದ್ರೆ ಸೆಲೆಕ್ಟ್ ಆಗುತ್ತೆ."

ಹದಿನಾಲ್ಕು ವರ್ಷ ನಾನು ಕಲಿಸಿದ್ದನ್ನು ನೀವು ಐದು ನಿಮಿಷದಲ್ಲಿ ಅಳಿಸಿದಿರಿ. ಇದಕ್ಕೆ ವಿಜ್ಞಾನ ಪ್ರದರ್ಶನ ಎಂಬ ಹೆಸರು ಬೇರೆ!

ಆ ಕಾಗದಗಳನ್ನೆಲ್ಲ ಕಿತ್ತಿದ್ದೇನೆ. ರಾಜ್ಯಮಟ್ಟದ ಪಟ್ಟಿ ಶನಿವಾರ ಹೊರಡುತ್ತದೆಯಂತೆ. ಶುಕ್ರವಾರ ಹತ್ತು ಗಂಟೆಗೆ ಅವಳನ್ನು ನಿಮ್ಮ ಕಚೇರಿಗೆ ಕರೆತರುತ್ತೇನೆ. ಪೂರ್ತಿ ಕೇಳಿ. ತಪ್ಪಿದ್ದರೆ ಯಾವ ತಪ್ಪೆಂದು ಬರೆದು, ಸಹಿ ಹಾಕಿ ಕೊಡಿ. ಇಲ್ಲವಾದರೆ 'ಸಮುದ್ರ' ಎಂದೇ ಪಟ್ಟಿಗೆ ಸೇರಿಸಿ. ಬಹುಮಾನ ಕೇಳುತ್ತಿಲ್ಲ. ನಿಜ ಹೇಳಿದ್ದಕ್ಕೇ ಸೋತೆ ಎಂದು ನನ್ನ ಮೊಮ್ಮಗಳು ನಂಬಬಾರದು.

ಇಂತಿ,
ಹತ್ತನೇ ತರಗತಿವರೆಗೆ ಓದಿದ, ಸಮುದ್ರವನ್ನು ಇನ್ನೂ ಕಣ್ಣಾರೆ ಕಂಡಿರದ ಮೀನು ವ್ಯಾಪಾರಿ
ತಾಜುನ್ನೀಸಾ, ಮುಳಬಾಗಿಲು