ಒಂದು ಸಲ ಕಡಲಿಗೆ ಹೋಗಿ ಬರಲಿ

ಪ್ರೀತಿಯ ಭಾವ,

ಕಾಪುವಿನ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ನೀವು ಇಟ್ಟುಹೋದ ಫೋಟೋ ಪ್ರೋಗ್ರಾಮನ್ನು ನಾನು ಎರಡು ವರ್ಷ ಮುಟ್ಟಲಿಲ್ಲ. ನಿಮ್ಮ ಉತ್ತರಕ್ರಿಯೆ ಮುಗಿದ ದಿನ ಅದೇ ಮೇಜಿನ ಮುಂದೆ ಕುಳಿತಿದ್ದೆ. ಫೋಲ್ಡರ್ ತೆರೆದರೆ ಫೈಲಿನ ಪಕ್ಕ ನೀವು ಕೊನೆಯ ಸಲ ಅಪ್‌ಡೇಟ್ ಮಾಡಿದ ತಾರೀಕು. ಮುಚ್ಚಿ ಎದ್ದುಬಂದೆ. ಹೋದವರ ಅಂಗಿಯನ್ನು ಯಾರಿಗೂ ಕೊಡದೆ ಮೊಳೆಯಲ್ಲೇ ಬಿಡುತ್ತಾರಲ್ಲ, ಹಾಗೆ.

ಮೊದಲ ಸಲ ಅದನ್ನು ನನಗೆ ತೋರಿಸಿದ್ದು ನೆನಪಿದೆಯೇ? ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವ ನೀವು, ಗ್ರೀಸ್ ವಾಸನೆಯ ಕೈಯಲ್ಲಿ ಪೆನ್‌ಡ್ರೈವ್ ಹಿಡಿದು ಮಣಿಪಾಲದ ನನ್ನ ಝೆರಾಕ್ಸ್ ಅಂಗಡಿಗೆ ಬಂದಿರಿ. "ಇದಕ್ಕೆ ಇನ್‌ಸ್ಟಾಲ್ ಅಂತ ಎಂತದ್ದೂ ಇಲ್ಲ ಮಾರಾಯ. ಬೇಕಾದ್ದೆಲ್ಲ ಸೇರಿಸಿ ಒಂದೇ ಫೈಲು ಮಾಡಿ ಕೊಟ್ಟಿದ್ದಾರೆ. ತಂದು ಇಡುವುದು, ಓಡಿಸುವುದು." ಮಗಳು ಶ್ರೇಯಾ ಮೊಬೈಲಿನಲ್ಲಿ ತೆಗೆದ ಫೋಟೋ ತಾನಾಗಿ ಮನೆಯ ಕಂಪ್ಯೂಟರಿಗೆ ಬಂದು ಸೇರುತ್ತದೆ ಎಂದಿರಿ. ಯಾವ ಕಂಪನಿಯದ್ದು ಎಂದು ಕೇಳಿದೆ. "ಕಂಪನಿ ಇಲ್ಲ. ಒಳಗೆ ಎಂತ ಉಂಟು ಅಂತ ಯಾರು ಬೇಕಾದರೂ ನೋಡಬಹುದು. ಬಿಚ್ಚಿ ನೋಡಲಿಕ್ಕೆ ಬಿಡದ ಇಂಜಿನನ್ನು ನಾನು ನಂಬುವುದಿಲ್ಲ."

ಅಪ್‌ಡೇಟ್ ಮಾಡುವ ಭಾನುವಾರ ನಿಮ್ಮ ಮನೆಯಲ್ಲಿ ಒಂದು ಸಣ್ಣ ಹಬ್ಬ. ಫೈಲು ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಅವರ ವೆಬ್‌ಸೈಟಿನಲ್ಲಿದ್ದ ಅರವತ್ತನಾಲ್ಕು ಇಂಗ್ಲಿಷ್ ಅಕ್ಷರ-ಅಂಕಿಗಳ ಸಾಲನ್ನು ಅಕ್ಕ ಓದಬೇಕು, ನಮ್ಮ ಕಂಪ್ಯೂಟರ್ ತೋರಿಸಿದ ಸಾಲಿನ ಮೇಲೆ ನೀವು ಬೆರಳಿಟ್ಟು ನೋಡಬೇಕು. "ಎಂತ ಇದು, ಎಫ್ ದಾಟಿ ಮುಂದೆ ಹೋಗುವುದೇ ಇಲ್ಲ? ಉಳಿದ ಅಕ್ಷರ ಇವರು ಕಲಿಯಲಿಲ್ಲವಾ?" ಎಂದು ಅಕ್ಕ ನಗಾಡುತ್ತಿದ್ದಳು. ಹೋಲಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. "ಮಾಡುತ್ತದೆ. ಆದರೆ ನಿನ್ನ ಅಕ್ಕ ಓದುವುದು ಕೇಳಲಿಕ್ಕೆ ಚಂದ, ಅಲ್ವಾ?"

ಗಿರಾಕಿಗಳ ಮೊಬೈಲಿನಿಂದ ಪ್ರಿಂಟಿಗೆ ಬರುವ ಫೋಟೋಗಳಿಗಾಗಿ ನನ್ನ ಅಂಗಡಿಯಲ್ಲೂ ಅದನ್ನೇ ಇಟ್ಟುಕೊಂಡಿದ್ದೆ. ಒಮ್ಮೆ ಹಳೆಯ ಫೈಲಿನ ಮೇಲೇ ಹೊಸದನ್ನು ಹಾಕಿಬಿಟ್ಟಿದ್ದೆ. ಹೊಸದು ಓಡಲಿಲ್ಲ, ಹಳೆಯದು ಇರಲಿಲ್ಲ, ಹೊರಗೆ ಪ್ರಾಜೆಕ್ಟ್ ರಿಪೋರ್ಟ್ ಹಿಡಿದ ವಿದ್ಯಾರ್ಥಿಗಳ ಸಾಲು. ನೀವು ಕೆಲಸ ಬಿಟ್ಟು ಬಸ್ಸು ಹತ್ತಿ ಬಂದಿರಿ. "ಹೊಸ ಪಾರ್ಟ್ ಹಾಕಿದ ಬೋಟು ಒಂದು ಸಲ ಕಡಲಿಗೆ ಹೋಗಿ ಬರಲಿ. ಅಲ್ಲಿಯವರೆಗೆ ಹಳೆಯದನ್ನು ಗುಜರಿಗೆ ಹಾಕಬಾರದು. ಬಂದ ಮೇಲೆ ಇಟ್ಟುಕೊಳ್ಳಲೂಬಾರದು." ಹೋಗಿ ಬರಲು ಎಂಟು ದಿನ, ಅದು ನಿಮ್ಮ ಲೆಕ್ಕ.

ಕಳೆದ ತಿಂಗಳು, ಈಗ ಹಾಸ್ಟೆಲಿನಲ್ಲಿರುವ ಶ್ರೇಯಾ ಹೊಸ ಮೊಬೈಲು ತೆಗೆದುಕೊಂಡಳು. ಅದಕ್ಕೂ ನಿಮ್ಮ ಹಳೆಯ ಪ್ರೋಗ್ರಾಮಿಗೂ ಹೊಂದಿಕೆಯಾಗದೆ ಫೋಟೋ ಬರುವುದು ನಿಂತಿತು. ಅಕ್ಕ ದಿನಾ ಸಂಜೆ ಪರದೆಯ ಮುಂದೆ ಕುಳಿತು, "ಇವತ್ತೂ ಇಲ್ಲ" ಎಂದು ಏಳುತ್ತಿದ್ದಳು. ನೆಟ್ ಸರಿಯಿಲ್ಲ ಅಕ್ಕ ಎಂದು ಸುಳ್ಳು ಹೇಳಿದೆ. ನಿಮ್ಮ ಫೈಲನ್ನು ತೆಗೆಯಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಆ ಹೆಂಗಸು ಮಗಳ ಮುಖಕ್ಕೆ ಕಾಯುತ್ತಿದ್ದರೆ ನಾನು ಒಂದು ತಾರೀಕನ್ನು ಕಾಯುತ್ತಿದ್ದೆ. ನಾಚಿಕೆಯಾಗುತ್ತದೆ ಭಾವ.

ಹೋದ ವಾರ ಕೊನೆಗೂ ಕುಳಿತೆ. ಫೋಟೋಗಳ ಪ್ರತಿ ತೆಗೆದೆ, ನಿಮ್ಮ ಫೈಲಿಗೆ 'ಹಳೆಯದು' ಎಂದು ಹೆಸರಿಟ್ಟೆ, ಹೊಸದನ್ನು ತಂದೆ. ಕರೆಯದೆಯೇ ಅಕ್ಕ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತು ಓದತೊಡಗಿದಳು. ನಡುವೆ ಒಮ್ಮೆ ಸ್ವರ ನಿಂತಿತು. ಪರದೆಯ ಸಾಲಿನ ಮೇಲಿಟ್ಟ ಬೆರಳನ್ನು ನಾನು ಎತ್ತಲಿಲ್ಲ. ಮತ್ತೆ ಓದಿ ಮುಗಿಸಿದಳು. ಓಡಿಸಿದರೆ ಅದು ಓಡಲಿಲ್ಲ! ಆಮೇಲೆ ನೀವು ಯಾವಾಗಲೂ ಕೇಳುತ್ತಿದ್ದದ್ದು ನೆನಪಾಯಿತು: "ಓಡಲಿಕ್ಕೆ ಅನುಮತಿ ಕೊಟ್ಟಿದ್ದೀಯಾ ಮಾರಾಯ?" ಕೊಟ್ಟೆ, ಓಡಿತು.

ಮೊದಲು ಬಂದ ಫೋಟೋದಲ್ಲಿ ಏನಿತ್ತು ಗೊತ್ತೇ? ನಿಮಗೆ ಗೊತ್ತಾಗದೇ ಹೋದ ಸುದ್ದಿ ಇದು: ಶ್ರೇಯಾ ನಿಟ್ಟೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಳೆ. ವರ್ಕ್‌ಶಾಪಿನಲ್ಲಿ ಬಿಚ್ಚಿದ ಇಂಜಿನ್, ಮೊಣಕೈವರೆಗೆ ಗ್ರೀಸ್. ಪಕ್ಕದಲ್ಲಿ ಹಳೆಯ ಪಾರ್ಟುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದಾಳೆ, ಒಂದನ್ನೂ ಎಸೆದಿಲ್ಲ. ಅಕ್ಕ ಪರದೆಯ ಮೇಲೆ ಕೈಯಿಟ್ಟಳು.

ಇವತ್ತಿಗೆ ಎಂಟು ದಿನ. ಫೋಟೋಗಳು ದಿನಾ ಬರುತ್ತಿವೆ. 'ಹಳೆಯದು' ಅಲ್ಲೇ ಇರಲಿ, ಅದೆಷ್ಟು ಜಾಗ ತಿನ್ನುತ್ತದೆ ಎಂದೆ. ಅಕ್ಕ ನನ್ನನ್ನೇ ನೋಡಿದಳು. "ಬೋಟು ಹೋಗಿ ಬಂತಲ್ಲ? ಅವರಿದ್ದರೆ ಇಡುತ್ತಿದ್ದರಾ?"

ನನ್ನ ಕೈ ಏಳಲಿಲ್ಲ ಭಾವ. ಅಳಿಸಿದ್ದು ಅಕ್ಕ.